ಗುದ್ದಲಿ ಪೂಜೆಗೆ ಮುಂಚೆ

ಹೊಸ ಮನೆ ಕಟ್ಟಿಸಲು ಹೊರಟವರು ಪರಿಸರದ ಮಾತೆತ್ತಿದರೆ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ. ತಾರಸಿಯ ಮೇಲೆ ಎಷ್ಟು ಸೋಲಾರ್ ಹಾಕಿಸೋಣ? ಗೋಡೆ ಮಣ್ಣಿನದಾದರೆ ಬಾಳಿಕೆ ಬರುತ್ತದೆಯೇ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವು ಬಾಯಿಗೆ ಬರುವ ಹೊತ್ತಿಗೆ ನಿವೇಶನ ಕೊಂಡಾಗಿರುತ್ತದೆ, ಬ್ಯಾಂಕಿನ ಸಾಲ ಮಂಜೂರಾಗಿರುತ್ತದೆ, ಎಂಜಿನಿಯರ್ ನಕ್ಷೆ ಬರೆದು ಮುಗಿಸಿರುತ್ತಾರೆ. ಮನೆ ಎಷ್ಟು ದೊಡ್ಡದು, ಎತ್ತ ಮುಖ, ಎಷ್ಟು ಪಿಲ್ಲರ್, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಗುದ್ದಲಿ ಪೂಜೆಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಪರಿಸರದ ಮೇಲೆ ಬೀಳುವ ಹೊರೆಯ ಬಹುಪಾಲು ಈ ತೀರ್ಮಾನಗಳಲ್ಲೇ ಇದೆ. ಆಮೇಲೆ ಸೇರಿಸುವುದರಲ್ಲಿ ಅರ್ಧ ಅಲಂಕಾರ.

ಕರ್ನಾಟಕಕ್ಕೆ ಈ ಚರ್ಚೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಹಳ್ಳಿಯ ಅಗತ್ಯಗಳಿಗೆ ವಿಜ್ಞಾನವನ್ನು ಒಗ್ಗಿಸುವುದು ಅದರ ಉದ್ದೇಶ. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಲ್ಲಿ ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಅದೇ ಕಾಲಕ್ಕೆ ತಿರುವನಂತಪುರದಲ್ಲಿ ಬರ್ಮಿಂಗ್‌ಹ್ಯಾಮ್ ಮೂಲದ ಲಾರಿ ಬೇಕರ್ (1917–2007) ಕಡಿಮೆ ಇಟ್ಟಿಗೆ, ಕಡಿಮೆ ಸಿಮೆಂಟ್, ಕಡಿಮೆ ಕಬ್ಬಿಣದಲ್ಲಿ ಚೆಂದದ ಮನೆಗಳನ್ನು ಕಟ್ಟುತ್ತಿದ್ದರು. ಎರಡೂ ಕಡೆಯವರ ಕಣ್ಣಮುಂದೆ ಇದ್ದದ್ದು ಬಡವರ ಸೂರು. ಇವತ್ತು ನಗರದಲ್ಲಿ ಮಣ್ಣಿನ ಮನೆ ಕಟ್ಟಿಸುವವರು ಹೆಚ್ಚಾಗಿ ಕೈಯಲ್ಲಿ ಕಾಸಿರುವವರು. ಈ ತಿರುವು ಹೇಗಾಯಿತು ಎಂಬುದಕ್ಕೆ ಮುಂದೆ ಬರುತ್ತೇನೆ, ಮೊದಲು ಲೆಕ್ಕ.

ಇಟ್ಟಿಗೆ ಸುಡಲು, ಸುಣ್ಣದಕಲ್ಲು ಬೇಯಿಸಿ ಸಿಮೆಂಟ್ ಮಾಡಲು, ಕಬ್ಬಿಣ ಕರಗಿಸಲು, ಇವನ್ನೆಲ್ಲ ಲಾರಿಯಲ್ಲಿ ತರಲು ಶಕ್ತಿ ಖರ್ಚಾಗುತ್ತದೆ. ಮನೆಯೊಳಗೆ ದೀಪ ಹಚ್ಚುವ ಮೊದಲೇ ಸುರಿದಾಗಿರುವ ಈ ಶಕ್ತಿಯನ್ನು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅಳೆದು 2003ರಲ್ಲಿ ಪ್ರಕಟಿಸಿದರು. ಪಿಲ್ಲರು, ಬೀಮುಗಳ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೌಲ್, ಸುಟ್ಟ ಇಟ್ಟಿಗೆಯ ಗೋಡೆಗಳೇ ಭಾರ ಹೊರುವ ಎರಡು ಮಹಡಿಯ ಮನೆಗೆ 2.92, ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಯ ಎರಡು ಮಹಡಿಯ ಮನೆಗೆ 1.61. ಸುಟ್ಟ ಇಟ್ಟಿಗೆ ಬಿಟ್ಟು ಮಣ್ಣಿಗೆ ಬಂದರೆ 1000 ಚದರಡಿ ಮನೆಯಲ್ಲಿ ಉಳಿಯುವುದು ಸುಮಾರು 120 ಗಿಗಾಜೌಲ್. ಕುಲುಮೆಯ ಶಾಖವನ್ನೂ ಮನೆಗೆ ಬರುವ ವಿದ್ಯುತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ಸರಿಯಲ್ಲ. ಆದರೂ ಅಂದಾಜಿಗೆ ಹೇಳುವುದಾದರೆ ಇದು 33 ಸಾವಿರ ಯೂನಿಟ್‌ಗೆ ಸಮ. ತಿಂಗಳಿಗೆ 100 ಯೂನಿಟ್ ಬಳಸುವ ಸಂಸಾರಕ್ಕೆ 27 ವರ್ಷಗಳ ಬಳಕೆ.

ಇದೇ ಅಂಕಿಗಳಲ್ಲಿ ಇನ್ನೊಂದು ಸತ್ಯ ಅಡಗಿದೆ, ಮಣ್ಣಿನ ಮನೆಯ ಅಭಿಮಾನಿಗಳು ಅದನ್ನು ಹೇಳುವುದು ಕಡಿಮೆ. 2400 ಚದರಡಿಯ ಮಣ್ಣಿನ ಮನೆಗೆ 360 ಗಿಗಾಜೌಲ್ ಹತ್ತಿರ ಬೇಕು. 1200 ಚದರಡಿಯ ಮಾಮೂಲಿ ಇಟ್ಟಿಗೆ ಮನೆಗೆ 325 ಸಾಕು. ಅಂದರೆ ಎರಡರಷ್ಟು ದೊಡ್ಡ ‘ಹಸಿರು’ ಮನೆಗಿಂತ ಅದರರ್ಧದ ಸಾದಾ ಮನೆಯೇ ಭೂಮಿಗೆ ಹಗುರ. ವರ್ಷಕ್ಕೆರಡು ಬಾರಿ ಬರುವ ನೆಂಟರಿಗೆಂದು ಒಂದು ಕೋಣೆ, ಅದಕ್ಕೊಂದು ಬಚ್ಚಲು, ಮಕ್ಕಳು ಅಮೆರಿಕದಿಂದ ವಾಪಸಾದರೆ ಇರಲೆಂದು ಮೇಲೊಂದು ಮಹಡಿ: ಇವನ್ನೆಲ್ಲ ಕಟ್ಟಿ ಅದಕ್ಕೆ ಮಣ್ಣಿನ ಗೋಡೆ ಕೊಟ್ಟರೆ ಪರಿಸರಕ್ಕೆ ಉಪಕಾರವೇನೂ ಆಗದು. ಬೇಡದ ಕೋಣೆಯನ್ನು ನಕ್ಷೆಯಿಂದ ಅಳಿಸಲು ರಬ್ಬರ್ ಸಾಕು. ಇನ್ನು ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ 40 ವರ್ಷದ ಗಟ್ಟಿಮುಟ್ಟಾದ ಮನೆಯನ್ನು ನೆಲಸಮ ಮಾಡಿ, ಅದರ ಅವಶೇಷವನ್ನು ಊರಾಚೆ ಸುರಿದು, ಅಲ್ಲೇ ನಾಲ್ಕು ಮಹಡಿಯ ‘ಪರಿಸರಸ್ನೇಹಿ’ ಕಟ್ಟಡ ಎಬ್ಬಿಸುವವರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಹಳೆಯ ಮನೆ ಇದ್ದವರಿಗೆ ಅದನ್ನು ರಿಪೇರಿ ಮಾಡಿಸಿಕೊಳ್ಳುವಷ್ಟು ಹಸಿರಾದ ದಾರಿ ಬೇರೆ ಇಲ್ಲ.

ಗಾತ್ರ ಆದ ಮೇಲೆ ಪಿಲ್ಲರ್. 30×40 ನಿವೇಶನದಲ್ಲಿ ಎರಡು ಮಹಡಿ ಕಟ್ಟುವವರೂ ಈಗ ಪಿಲ್ಲರ್ ಎಬ್ಬಿಸುತ್ತಾರೆ. ಪಿಲ್ಲರ್ ಇಲ್ಲದ್ದು ಮನೆಯೇ ಅಲ್ಲ ಎಂಬಂತಾಗಿದೆ. ಕೆಳಗೆ ಕಾರು ನಿಲ್ಲಬೇಕು, ಮುಂದೆ ಮತ್ತೆರಡು ಮಹಡಿ ಏರಿಸಬೇಕು, ಮೇಸ್ತ್ರಿಗೆ ಅದೇ ರೂಢಿ ಎಂಬ ಕಾರಣಗಳಿವೆ. ನೆಲಮಟ್ಟದಿಂದಲೇ ಗೋಡೆ ಏಳುವ ಎರಡು, ಮೂರು ಮಹಡಿಯ ಮನೆಗೆ ಭಾರ ಹೊರಲು ಗೋಡೆಗಳೇ ಸಾಕು. ಪಾಯ, ಲಿಂಟಲ್ ಮತ್ತು ಚಾವಣಿ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಕಟ್ಟಿದರೆ ಭೂಕಂಪಕ್ಕೂ ರಕ್ಷಣೆ. ಆ 2003ರ ಅಧ್ಯಯನದ ಪ್ರಕಾರ ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೌಲ್ ತಗಲಿದರೆ ಒಂದು ಕಿಲೋ ಕಬ್ಬಿಣಕ್ಕೆ 42, ಕಿಟಕಿಗೆ ಹಾಕುವ ಅಲ್ಯುಮಿನಿಯಂಗೆ 236ಕ್ಕೂ ಹೆಚ್ಚು. ಪಿಲ್ಲರ್ ಕಡಿಮೆಯಾದಷ್ಟೂ ಕಬ್ಬಿಣದ ಬಿಲ್ಲೂ ಕಡಿಮೆ. ಕಾರು ನಿಲ್ಲಿಸಲೆಂದೇ ಇಡೀ ಮನೆಯನ್ನು ಕಂಬಗಳ ಮೇಲೆ ಎತ್ತಿಡುವ ಪದ್ಧತಿಯನ್ನು ನಮ್ಮ ಎಂಜಿನಿಯರುಗಳು ಒಮ್ಮೆಯಾದರೂ ಪ್ರಶ್ನಿಸಬೇಕು.

ಸಿಮೆಂಟನ್ನು ಪೂರ್ತಿ ಬಿಡಲಾಗದು, ಆದರೆ ಯಾವ ಸಿಮೆಂಟ್ ಎಂದು ಕೇಳಬಹುದು. ಜಗತ್ತು ಹೊರಬಿಡುವ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟ್ ಉದ್ಯಮದ ಪಾಲು. ಅದರಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಇಂಧನದಿಂದ ಅಲ್ಲ, ಸುಣ್ಣದಕಲ್ಲು ಬೆಂದು ಒಡೆಯುವಾಗ. ಹಾರುಬೂದಿ ಬೆರೆತ ಪಿಪಿಸಿ ಅಥವಾ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟ್ ಆರಿಸಿಕೊಂಡರೆ ಸುಟ್ಟ ಸುಣ್ಣದಕಲ್ಲಿನ ಪಾಲು ಇಳಿಯುತ್ತದೆ. ರಾಯಚೂರಿನ ಶಕ್ತಿನಗರ ಬೂದಿಯನ್ನೂ ಬಳ್ಳಾರಿ ಸೀಮೆಯ ತೋರಣಗಲ್ಲು ಕಿಟ್ಟವನ್ನೂ ರಾಶಿರಾಶಿಯಾಗಿ ಉಗುಳುತ್ತಿರುವ ನಾಡಿನಲ್ಲಿ ಇದಕ್ಕೆ ಕೊರತೆಯಿಲ್ಲ. ಇಂಥ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ನೀರುಣಿಸುವ ದಿನಗಳನ್ನು ಕಡಿಮೆ ಮಾಡುವಂತಿಲ್ಲ. ಅವಸರದ ಮೇಸ್ತ್ರಿಗಳು ಇದಕ್ಕೆ ಮೂಗು ಮುರಿಯುವುದು ಅದಕ್ಕೇ.

ಈಗ ಮಣ್ಣಿನ ಗೋಡೆಗೆ ಬರೋಣ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ಈ ಕೆಲಸಕ್ಕೆ ಒಗ್ಗುತ್ತದೆ. ಮರಳಿನಂಶ ಹೆಚ್ಚಿದ್ದು ಜೇಡಿ ಕಡಿಮೆ ಇರಬೇಕು. ಜೇಡಿ ಹೆಚ್ಚಿದ್ದರೆ ಮರಳೋ ಕ್ವಾರಿ ಪುಡಿಯೋ ಬೆರೆಸಿ ಸರಿದೂಗಿಸುತ್ತಾರೆ. ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಮಣ್ಣು ಕುಲುಕಿ ತಳಕ್ಕೆ ಇಳಿಯಬಿಟ್ಟರೆ ಮರಳೆಷ್ಟು, ಜೇಡಿಯೆಷ್ಟು ಎಂಬ ಅಂದಾಜು ಸಿಗುತ್ತದೆ, ಪ್ರಯೋಗಾಲಯದ ಪರೀಕ್ಷೆ ಆಮೇಲೆ. ಶೇ 7–8ರಷ್ಟು ಸಿಮೆಂಟ್ ಸೇರಿಸಿ ಒತ್ತಿ, ಮೂರು ನಾಲ್ಕು ವಾರ ತೇವದಲ್ಲಿಟ್ಟರೆ ಇಟ್ಟಿಗೆ ಸಿದ್ಧ. ಪಾಯಕ್ಕೋ ನೆಲಮಾಳಿಗೆಗೋ ಅಗೆದ ಮಣ್ಣನ್ನೇ ಇಟ್ಟಿಗೆಯಾಗಿಸುವ ಕ್ರಮವನ್ನು ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರಂಥವರು ನೂರಾರು ಮನೆಗಳಲ್ಲಿ ಮಾಡಿ ತೋರಿಸಿದ್ದಾರೆ. ಮಳೆಯ ಭಯವೇ? ಪಾಯ ನೆಲದಿಂದ ಒಂದೂವರೆ ಅಡಿ ಎತ್ತರವಿದ್ದು, ಸೂರು ಗೋಡೆಯಿಂದ ಹೊರಚಾಚಿದ್ದರೆ ಈ ಗೋಡೆಗೆ ಗಾರೆಯ ಹೊದಿಕೆಯೂ ಬೇಕಿಲ್ಲ.

ಹಾಗಿದ್ದರೆ ಎಲ್ಲರೂ ಯಾಕೆ ಕಟ್ಟುವುದಿಲ್ಲ? ದುಡ್ಡು ಎನ್ನುವುದು ಅರ್ಧ ಉತ್ತರ. ವಸ್ತು ಅಗ್ಗ, ಕೂಲಿ ದುಬಾರಿ. ಮಣ್ಣು ಜರಡಿ ಹಿಡಿಯಬೇಕು, ಅಳೆದು ಬೆರೆಸಬೇಕು, ಒತ್ತಬೇಕು, ಒದ್ದೆ ಗೋಣಿಯಲ್ಲಿ ಮುಚ್ಚಿಡಬೇಕು. ನಿವೇಶನದಲ್ಲಿ ಇಟ್ಟಿಗೆ ಒಣಗಿಸಲು ಜಾಗ ಬೇಕು. ಫೋನ್ ಮಾಡಿದ ಮಾರನೇ ದಿನ ಲಾರಿಯಲ್ಲಿ ಬಂದಿಳಿಯುವ ಸಾಲಿಡ್ ಬ್ಲಾಕಿನ ಮುಂದೆ ಇದು ರಗಳೆ. ಕೆಲಸ ಬಲ್ಲ ತಂಡಗಳೂ ಕಡಿಮೆ. ಬಡವರಿಗೆಂದು ಹುಟ್ಟಿದ ವಿದ್ಯೆ ಉಳ್ಳವರ ಮನೆ ಸೇರಿದ್ದು ಹೀಗೆ: ಕೂಲಿ ಏರಿತು, ಬಡವರ ವಸತಿ ಯೋಜನೆಗಳು ಸಿದ್ಧ ಬ್ಲಾಕ್ ಹಿಡಿದವು, ಕೈಕೆಲಸದ ಅಂದಕ್ಕೆ ಬೆಲೆ ಕೊಡಬಲ್ಲವರು ಮಾತ್ರ ಉಳಿದರು.

ಅಭಿರುಚಿಯ ಜೊತೆಗೆ ಒಂದು ಹುಚ್ಚೂ ಸೇರಿದೆ. ಬೆಂಗಳೂರಿನ ಮನೆಗೆ ಕರಾವಳಿಯಿಂದ ಕೆಂಪುಕಲ್ಲು, ಚೆಟ್ಟಿನಾಡಿನಿಂದ ಆತ್ತಂಗುಡಿ ಟೈಲ್ಸು, ಕೇರಳದಿಂದ ಹಳೇ ಬಾಗಿಲು ತರಿಸಿ, ನೂರಾರು ಕಿಲೋಮೀಟರ್ ಡೀಸೆಲ್ ಸುಟ್ಟು, ಇದು ನೆಲದ ಮನೆ ಎಂದು ಕರೆದುಕೊಳ್ಳುವುದು. ಕೆಂಪುಕಲ್ಲು ಪರಿಸರಸ್ನೇಹಿಯಾಗುವುದು ಬಂಟ್ವಾಳದಲ್ಲಿ, ಕುಂದಾಪುರದಲ್ಲಿ. ಅಲ್ಲಿ ಅದು ಪಕ್ಕದ ಗುಡ್ಡದಿಂದ ಬರುತ್ತದೆ, ಸುಡುವ ಕೆಲಸವಿಲ್ಲ, ಕೊಯ್ದರೆ ಮುಗಿಯಿತು. ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲಿದೆ. ಹೊಸಕೋಟೆ, ಮಾಲೂರಿನವರಿಗೆ ಸೈಜುಗಲ್ಲಿದೆ. ಕರಿ ಎರೆಮಣ್ಣಿನ ಬಯಲುಸೀಮೆಯಲ್ಲಿ ಮಣ್ಣಿನ ಇಟ್ಟಿಗೆ ಸುಲಭವಲ್ಲ. ಆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ, ಅದಕ್ಕೆ ಸುಣ್ಣ ಬೇಕು. ಅಂಥಲ್ಲಿ ಶಕ್ತಿನಗರದ ಹಾರುಬೂದಿಯ ಇಟ್ಟಿಗೆಯೇ ಹೆಚ್ಚು ವಿವೇಕದ ಆಯ್ಕೆ. ಯಾವುದು ಹಸಿರು ಎಂಬ ಪ್ರಶ್ನೆಗೆ ರಾಜ್ಯಕ್ಕೆಲ್ಲ ಒಂದೇ ಉತ್ತರವಿಲ್ಲ.

ಹಳೆಯದೆಲ್ಲ ಒಳ್ಳೆಯದು ಎಂಬ ನಂಬಿಕೆಗೂ ಒಂದು ಮಿತಿ ಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆ ಬಿರುಬಿಸಿಲಲ್ಲಿ ತಂಪಾಗಿರುತ್ತದೆ, ನಿಜ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದು ಅಂಥವೇ ಮನೆಗಳು: ಒಂದಕ್ಕೊಂದು ಹಿಡಿತವಿಲ್ಲದ ಕಾಡುಗಲ್ಲಿನ ದಪ್ಪ ಗೋಡೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣು. ಮಲೆನಾಡಿನ ತೊಟ್ಟಿಮನೆಗೆ ಸುರಿದ ಮರವನ್ನು ಇವತ್ತು ಯಾವ ಕಾಡಿನಿಂದಲೂ ತರುವಂತಿಲ್ಲ. ಕಾಫಿ ತೋಟದ ಸಿಲ್ವರ್ ಓಕ್, ಹಿತ್ತಲ ಹಲಸು, ಒಡೆದ ಮನೆಗಳ ಹಳೇ ಮರ, ಇವೇ ಈಗ ಉಳಿದಿರುವ ದಾರಿ. ಹಳೆಯ ಮನೆಯಿಂದ ಕಲಿಯಬೇಕಾದ್ದು ಅದರ ವಸ್ತುವಿಗಿಂತ ಹೆಚ್ಚಾಗಿ ಗಾಳಿ, ಬೆಳಕು, ನೆರಳುಗಳನ್ನು ಅದು ನಿಭಾಯಿಸಿದ ರೀತಿಯನ್ನು.

ನೆರಳಿನ ಲೆಕ್ಕ ನೋಡಿ. ಬೆಂಗಳೂರು, ಮಂಗಳೂರುಗಳಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಜೂನ್‌ನಲ್ಲಿ ನೆತ್ತಿ ದಾಟಿ ಉತ್ತರಕ್ಕೇ ಬಂದಿರುತ್ತಾನೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಕೊಟ್ಟರೆ ಮಾರ್ಚ್ ಮಧ್ಯಾಹ್ನ ಕಿಟಕಿಯೆಲ್ಲ ನೆರಳು, ಡಿಸೆಂಬರಿನಲ್ಲೂ ಮೇಲಿನ ಎರಡೂವರೆ ಅಡಿಗೆ ನೆರಳು. ಕಷ್ಟ ಕೊಡುವುದು ಪಶ್ಚಿಮ. ಏಪ್ರಿಲ್ ಸಂಜೆ ನಾಲ್ಕೂವರೆ ಹೊತ್ತಿಗೆ ಸೂರ್ಯ ಇರುವುದು ನೆಲದಿಂದ ಕೇವಲ 30 ಡಿಗ್ರಿಯಷ್ಟು ಮೇಲೆ. ಅದೇ ಎರಡಡಿ ಸಜ್ಜಾ ಆಗ ಕೊಡುವ ನೆರಳು ಒಂದಡಿಗಿಂತ ತುಸು ಹೆಚ್ಚು. ದಿನವೆಲ್ಲ ಕಾದ ಆ ಗೋಡೆ ರಾತ್ರಿ ಮಲಗುವ ಹೊತ್ತಿಗೆ ಬಿಸಿಯನ್ನು ಒಳಗೆ ಬಿಡುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಉಗ್ರಾಣ ಇಡುವುದು, ಮಲಗುವ ಕೋಣೆಯನ್ನು ಆ ಮೂಲೆಯಿಂದ ತಪ್ಪಿಸುವುದು ಒಳ್ಳೆಯದು. ವಾಸ್ತು ಪಂಡಿತರು ಯಜಮಾನನ ಕೋಣೆಯನ್ನು ನೈಋತ್ಯಕ್ಕೇ ಇಡಿಸುತ್ತಾರೆ, ಅಂದರೆ ಮನೆಯ ಅತ್ಯಂತ ಸೆಕೆಯ ಮೂಲೆಗೆ. ಆ ಜಗಳಕ್ಕೆ ಇಳಿಯಲಾರದವರು ಅಲ್ಲೊಂದು ಹೊಂಗೆ ಮರವನ್ನಾದರೂ ನೆಡಲಿ.

ಗಾಳಿಯ ಲೆಕ್ಕ ಇದಕ್ಕೆ ಅಡ್ಡ ಬರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಬಿಸಿಲಿಗೆಂದು ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿದರೆ ಗಾಳಿಯೂ ನಿಂತಿತು. ಇಟ್ಟಿಗೆಯ ಜಾಲಂಧ್ರ, ಎತ್ತರದಲ್ಲಿ ಸಣ್ಣ ಗವಾಕ್ಷಿ, ಅದಕ್ಕೆ ಎದುರಾಗಿ ಪೂರ್ವದಲ್ಲಿ ದೊಡ್ಡ ಕಿಟಕಿ ಇಟ್ಟು ಎರಡನ್ನೂ ಸಂಭಾಳಿಸಬಹುದು. ಬಿಸಿ ಗಾಳಿ ಮೇಲೇರುವುದರಿಂದ ಮೆಟ್ಟಿಲ ಮೇಲ್ಭಾಗದಲ್ಲಿ ಹೊರದಾರಿ ಇದ್ದರೆ ಮನೆಯೇ ಉಸಿರಾಡುತ್ತದೆ. ಇದೆಲ್ಲ ಹಳೇ ವಿದ್ಯೆ, ಖರ್ಚಿಲ್ಲದ ವಿದ್ಯೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38 ದಾಟಿತು. ಫ್ಯಾನೇ ಬೇಡವೆನಿಸಿದ್ದ ಊರಿನಲ್ಲಿ ಎ.ಸಿ. ಕೊಳ್ಳುವವರು ಹೆಚ್ಚುತ್ತಿರುವಾಗ ಪಶ್ಚಿಮಕ್ಕೆ ಇಡೀ ಗಾಜಿನ ಗೋಡೆ ಇಡಿಸುವುದು ಎ.ಸಿ.ಗೆ ಆಮಂತ್ರಣ ಬರೆದಂತೆ.

ತಾರಸಿಯ ಕೆಳಗಿನ ಮಹಡಿಗೆ ಗೋಡೆಗಿಂತ ಸೂರೇ ದೊಡ್ಡ ಶತ್ರು. ಬರಿಯ ಕಾಂಕ್ರೀಟ್ ಚಪ್ಪಡಿ ಹಗಲೆಲ್ಲ ಕಾಯುತ್ತದೆ. ಬೇಕರ್ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ಇಲ್ಲಿ ನೆನಪಾಗಬೇಕು. ಚಪ್ಪಡಿಯ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದಿಲ್ಲ, ಅಲ್ಲಿ ಕೆಲಸ ಕಬ್ಬಿಣದ್ದು. ಹಾಗಾಗಿ ಕಂಬಿಗಳ ನಡುವೆ ಮಂಗಳೂರು ಹಂಚನ್ನು ಜೋಡಿಯಾಗಿ ಇಟ್ಟು ಅಷ್ಟು ಕಾಂಕ್ರೀಟ್ ಉಳಿಸುತ್ತಾರೆ. ಹಂಚುಗಳ ನಡುವೆ ಉಳಿಯುವ ಗಾಳಿ ಶಾಖವನ್ನೂ ತಡೆಯುತ್ತದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ್‍ಯಾಟ್-ಟ್ರ್ಯಾಪ್ ಗೋಡೆಯದೂ ಇದೇ ತತ್ವ; ಇಟ್ಟಿಗೆಯಲ್ಲಿ ಕಾಲು ಭಾಗದಷ್ಟು ಉಳಿತಾಯ. ಇಷ್ಟೂ ಆಗದಿದ್ದರೆ ತಾರಸಿಗೆ ಬಿಳಿ ಟೈಲ್ಸ್ ಚೂರು ಹಾಕಿಸಿ, ಅಥವಾ ವರ್ಷಕ್ಕೊಮ್ಮೆ ಸುಣ್ಣ ಬಳಿಸಿ.

ನೀರಿನ ವಿಷಯದಲ್ಲಿ ಕಾನೂನು ನಮಗಿಂತ ಮುಂದಿದೆ. 2009ರ ತಿದ್ದುಪಡಿಯ ನಂತರ ಬೆಂಗಳೂರು ಜಲಮಂಡಳಿಯ ವ್ಯಾಪ್ತಿಯಲ್ಲಿ 30×40 ನಿವೇಶನದ ಹೊಸ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯ. ಪೈಪು, ಫಿಲ್ಟರ್ ಹಾಕಿಸಿ, ಸಂಪರ್ಕ ಸಿಕ್ಕ ಮೇಲೆ ಮರೆತುಬಿಡುವವರೇ ಹೆಚ್ಚು. ಲೆಕ್ಕ ಮಾತ್ರ ಮರೆಯುವಂಥದ್ದಲ್ಲ. 1000 ಚದರಡಿ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ.; ಸೋರಿಕೆ, ಮೊದಲ ಮಳೆಯ ಕೊಳೆ ಕಳೆದರೂ 70 ಸಾವಿರ ಲೀಟರ್ ಮೇಲೆ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ವರ ಸಂಸಾರಕ್ಕೆ ಅದು ನಾಲ್ಕು ತಿಂಗಳಿಗೂ ಮೀರಿದ ನೀರು. ಕಾವೇರಿ ನಮ್ಮ ನಲ್ಲಿಗೆ ಬರುವುದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಹಂತಹಂತವಾಗಿ ಮೇಲಕ್ಕೆ ಪಂಪ್ ಆಗಿ. ತಾರಸಿಯ ನೀರಿಗೆ ಆ ಪ್ರಯಾಣವಿಲ್ಲ. ಮಳೆನೀರು ತಂತ್ರಜ್ಞ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ 1990ರ ದಶಕದ ನಡುವೆ ಕಟ್ಟಿದ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯಲಿಲ್ಲ. ಎಲ್ಲರಿಗೂ ಅದು ಸಾಧ್ಯವಾಗಲಿಕ್ಕಿಲ್ಲ, ಅಸಾಧ್ಯವಲ್ಲ ಎಂಬುದಕ್ಕೆ ಆ ಮನೆ ಸಾಕ್ಷಿ.

ಊರು ಬದಲಾದರೆ ಉಪಾಯವೂ ಬದಲಾಗುತ್ತದೆ. ಮಂಗಳೂರಿನಲ್ಲಿ 3500 ಮಿ.ಮೀ. ಮೀರಿ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಷ್ಟನ್ನು ಸಂಪಿನಲ್ಲಿ ತುಂಬಿಡಲಾಗದು, ತೆರೆದ ಬಾವಿಗೆ ಸೋಸಿ ಇಳಿಸುವುದೇ ದಾರಿ. ಕರಾವಳಿಯ ನೆಲ-ಜಲದ ಬಗ್ಗೆ ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ಯಲ್ಲೂ ಹೊರಗೂ ಬರೆದದ್ದನ್ನು ಓದಿದರೆ ಅರ್ಧ ಎಂಜಿನಿಯರಿಂಗ್ ಬಂದಂತೆ. ಪಾವಗಡದಂಥ ಕಡೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಇರುವುದರಿಂದ ಮಳೆನೀರನ್ನು ಕುಡಿಯಲೆಂದೇ ಪ್ರತ್ಯೇಕ ತೊಟ್ಟಿಯಲ್ಲಿ ಕಾದಿಡಬೇಕು. ಬೆಂಗಳೂರಿನಲ್ಲಿ ಸಂಪು ತುಂಬಿ ಹೆಚ್ಚಾದದ್ದಕ್ಕೆ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ತೋಡಿಸಬಹುದು. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರ ಕುಟುಂಬಗಳು ಈಗಲೂ ಈ ಕೆಲಸ ಮಾಡುತ್ತವೆ. ಒಂದು ಎಚ್ಚರಿಕೆ: ಸೋಸದ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡಬೇಡಿ, ಅಂತರ್ಜಲ ಕೆಟ್ಟರೆ ಸರಿಪಡಿಸುವವರಿಲ್ಲ.

ನಿವೇಶನ ಕೊಳ್ಳುವಾಗಲೇ ನೋಡಬೇಕಾದ್ದು ನೀರಿನ ಇನ್ನೊಂದು ಮುಖ, ಅದು ಹರಿಯುವ ದಾರಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರಿನೊಂದಿಗೆ ಹಳೆಯ ಗ್ರಾಮನಕ್ಷೆಯ ಕೆರೆ, ಹಳ್ಳಗಳೂ ಕಾಣುತ್ತವೆ. ಮುಂಗಡ ಕೊಡುವ ಮೊದಲು ಫೋನಿನಲ್ಲೇ ನೋಡಬಹುದು. ಮಲೆನಾಡಿನಲ್ಲಿ ನೋಡಬೇಕಾದ್ದು ಇಳಿಜಾರು. ಜೆಸಿಬಿ ತಂದು ಗುಡ್ಡದ ಬುಡ ಕಡಿದು ಸಮತಟ್ಟು ಮಾಡುವುದು ಸುಲಭ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಭೂವಿಜ್ಞಾನಿಗಳು ಬೊಟ್ಟು ಮಾಡಿದ ಕಾರಣಗಳಲ್ಲಿ ಹೀಗೆ ಕಡಿದ ಇಳಿಜಾರೂ ಒಂದು. ನೆಲ ಹೇಗಿದೆಯೋ ಹಾಗೆ ಮೆಟ್ಟಿಲುಮೆಟ್ಟಿಲಾಗಿ ಮನೆ ಕೂರಿಸುವ ವಾಸ್ತುಶಿಲ್ಪಿಯನ್ನು ಅಲ್ಲಿ ಹುಡುಕಬೇಕು.

ವಿದ್ಯುತ್ತಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದನ್ನು ಮಾರಲು ಸಾಕಷ್ಟು ಜನರಿದ್ದಾರೆ. ಒಂದು ಕಿಲೋವಾಟ್ ಸೋಲಾರ್‌ಗೆ 100 ಚದರಡಿ ತಾರಸಿ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟಿಗೆ 30 ಸಾವಿರ, 3 ಕಿಲೋವಾಟ್ ಮತ್ತು ಮೇಲಕ್ಕೆ ಒಟ್ಟು 78 ಸಾವಿರ ರೂಪಾಯಿ ಸಹಾಯಧನವಿದೆ. ಇತ್ತ ರಾಜ್ಯದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮೀರದಂತೆ ಮನೆಮನೆಗೆ ನಿಗದಿಯಾದ ಮಿತಿಯೊಳಗೆ ಬಳಸುವವರಿಗೆ ಬಿಲ್ಲೇ ಇಲ್ಲ. ಬಿಲ್ಲಿಲ್ಲದ ಮನೆಗೆ ಸೋಲಾರ್ ಹಾಕಿಸಿ ಎಂದರೆ ಯಾರು ಕೇಳುತ್ತಾರೆ? ಒಂದು ಸರ್ಕಾರ ಕೊಡುವ ಪ್ರೋತ್ಸಾಹವನ್ನು ಇನ್ನೊಂದರ ಉಚಿತ ತಿನ್ನುತ್ತಿದೆ. ಅಂಥ ಮನೆಗಳೂ ನೀರು ಕಾಯಿಸಲು ಸೋಲಾರ್ ಬಳಸುವುದು ಲೇಸು, ಗೀಸರ್‌ನಷ್ಟು ಕರೆಂಟ್ ತಿನ್ನುವ ಸಾಮಾನು ಮನೆಯಲ್ಲಿ ಮತ್ತೊಂದಿರುವುದಿಲ್ಲ. ಹೀಟರ್ ಮತ್ತು ಬಚ್ಚಲು ದೂರದೂರ ಇದ್ದರೆ ಪೈಪಿನಲ್ಲಿ ನಿಂತ ನಾಲ್ಕೈದು ಲೀಟರ್ ತಣ್ಣೀರನ್ನು ಪ್ರತಿ ಬಾರಿಯೂ ಚೆಲ್ಲಬೇಕಾಗುತ್ತದೆ. ಬಚ್ಚಲುಗಳನ್ನು ಒಂದರ ಮೇಲೊಂದು ಇಟ್ಟು ಹೀಟರನ್ನು ಅವುಗಳ ನೇರಕ್ಕೆ ಕೂರಿಸಿ. 75 ವಾಟಿನ ಹಳೇ ಫ್ಯಾನಿನ ಬದಲು 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ.

ಹಸಿರು ಮನೆಗೆ ಸರ್ಟಿಫಿಕೇಟ್ ಕೊಡುವ ‘ಗೃಹ’, ‘ಐಜಿಬಿಸಿ’ಯಂಥ ವ್ಯವಸ್ಥೆಗಳೂ ಇವೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ‘ಇಕೊ ನಿವಾಸ್ ಸಂಹಿತೆ’ ತಂದು, ಗೋಡೆ-ಕಿಟಕಿಗಳಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್ ಮಿತಿ ಹಾಕಿತು. ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಇವೆಲ್ಲ ಬೇಕು. ಸ್ವಂತಕ್ಕೆ ಸಣ್ಣ ಮನೆ ಕಟ್ಟಿಸುವವರು ಆ ದುಡ್ಡನ್ನು ಒಳ್ಳೆಯ ನಕ್ಷೆಗೆ ಕೊಡುವುದು ಮೇಲು.

ನಕ್ಷೆ ಎಷ್ಟು ಚೆನ್ನಾಗಿದ್ದರೂ ಮನೆ ಕಟ್ಟುವುದು ಮೇಸ್ತ್ರಿಯ ಕೈ. ಚದರಕ್ಕೆ ಇಷ್ಟು ಎಂದು ಒಪ್ಪಿಕೊಂಡ ಕಂಟ್ರ್ಯಾಕ್ಟರಿಗೆ ಫಿಲ್ಲರ್ ಸ್ಲ್ಯಾಬ್, ಸಿಮೆಂಟ್ ಹೆಸರು, ಕ್ಯೂರಿಂಗ್ ದಿನ ಎಲ್ಲ ತಲೆನೋವು. ಆದ್ದರಿಂದ ಇವನ್ನು ಬಾಯಿಮಾತಿಗೆ ಬಿಡದೆ ಕರಾರುಪತ್ರದಲ್ಲೇ ಬರೆಸಿ. ಬೇರೇನು ಬಿಟ್ಟರೂ ಒಂದು ಸಾಲನ್ನು ಬಿಡಬೇಡಿ: ಸ್ನಾನದ, ಬಟ್ಟೆ ಒಗೆದ ನೀರಿಗೆ ಒಂದು ಪೈಪು, ಕಕ್ಕಸಿಗೆ ಇನ್ನೊಂದು, ಫ್ಲಶ್ ಟ್ಯಾಂಕಿಗೆ ಬೇರೆ ಲೈನು. 135 ಲೀಟರಿನಲ್ಲಿ 45 ಲೀಟರ್ ಫ್ಲಶ್‌ಗೇ ಹೋಗುತ್ತದೆ, ಕಾವೇರಿಯ ಕುಡಿಯುವ ನೀರು ಅಲ್ಲಿಗೆ ಬೇಕಿಲ್ಲ. ಬಚ್ಚಲ ನೀರನ್ನು ಜಲ್ಲಿ ತುಂಬಿದ ಗುಂಡಿಯಲ್ಲಿ ಕಾಬಾಳೆ, ಕೆಸುವಿನ ಬೇರುಗಳ ನಡುವೆ ಹಾಯಿಸಿ ತೋಟಕ್ಕೋ ಫ್ಲಶ್‌ಗೋ ಬಳಸಬಹುದು. ಅದನ್ನು ಇವತ್ತೇ ಮಾಡಬೇಕೆಂದಿಲ್ಲ, ಹತ್ತು ವರ್ಷ ಬಿಟ್ಟೂ ಮಾಡಬಹುದು. ಪೈಪು ಎರಡಿದ್ದರೆ ಮಾತ್ರ. ಗೋಡೆ ಏಳುವಾಗ ಇನ್ನೊಂದು ಪೈಪು ಹಾಕಿಸಲು ತಗಲುವುದು ಕೆಲವೇ ಸಾವಿರ ರೂಪಾಯಿ. ಟೈಲ್ಸ್ ಕೂತ ಮೇಲೆ ಅದೇ ಕೆಲಸಕ್ಕೆ ಬಚ್ಚಲನ್ನೇ ಒಡೆಯಬೇಕು.